ತಿಪ್ಪೆಯಲ್ಲಿ ಸಿಕ್ಕ ಮಗು, ತಿಪ್ಪೆಯಲ್ಲಿ ಸಿಕ್ಕ ಕಾಗದ

ಪ್ರಶ್ನೆ: ಪ್ರಾಚೀನ ಈಜಿಪ್ಟಿನ ಬಗ್ಗೆ ಒಂದು ವಿಡಿಯೊ ನೋಡಿದೆ. ಅಲ್ಲಿ ಅಣ್ಣ ತಂಗಿಯರೇ ಮದುವೆಯಾಗುತ್ತಿದ್ದರಂತೆ. ಹೆಣ್ಣು ಹುಟ್ಟಿದರೆ ಆಚೆ ಎಸೆದುಬಿಡು ಅಂತ ಗಂಡನೊಬ್ಬ ಹೆಂಡತಿಗೆ ಬರೆದ ಕಾಗದವೂ ಸಿಕ್ಕಿದೆಯಂತೆ. ಇದೆಲ್ಲ ನಿಜವೇ? ನಿಜವಾದರೆ ಆ ಕಾಲದವರಿಗೆ ಸಂಸಾರ, ಮಕ್ಕಳು ಅಂದರೆ ಏನೂ ಅನ್ನಿಸುತ್ತಲೇ ಇರಲಿಲ್ಲವೇ? ಮಗಳನ್ನು ಮಲಗಿಸಿ ಇದನ್ನೇ ಯೋಚಿಸುತ್ತಾ ಕೂತಿದ್ದೆ.

ಉತ್ತರ: ಎರಡೂ ನಿಜ. ಆದರೆ ಆ ವಿಡಿಯೊದವರು ನಿಮಗೆ ಕಾಗದದ ಒಂದೇ ಸಾಲು ಓದಿ ಹೇಳಿದ್ದಾರೆ. ಉಳಿದದ್ದನ್ನೂ ಓದಿದ್ದರೆ ನಿಮ್ಮ ಪ್ರಶ್ನೆ ಸ್ವಲ್ಪ ಬೇರೆ ಆಗಿರುತ್ತಿತ್ತು.

ಮೊದಲು ಕಾಲ ಸರಿಮಾಡಿಕೊಳ್ಳೋಣ. ಇಂಥ ವಿಡಿಯೊಗಳಲ್ಲಿ ಹಿಂದುಗಡೆ ಪಿರಮಿಡ್ ತೋರಿಸುತ್ತಾರೆ. ದೊಡ್ಡ ಪಿರಮಿಡ್ಡಿಗೂ ಈ ಕಾಗದಕ್ಕೂ ನಡುವೆ ಸುಮಾರು 2500 ವರ್ಷ. ಕಾಗದ ಬರೆದದ್ದು ಕ್ರಿ.ಪೂ. 1ರ ಜೂನ್ 17ರಂದು. ಕ್ಲಿಯೋಪಾತ್ರ ಸತ್ತು ಮೂವತ್ತು ವರ್ಷ ಆಗಿತ್ತು. ಈಜಿಪ್ಟು ರೋಮನ್ನರ ಕೈಯಲ್ಲಿತ್ತು. ಊರಲ್ಲಿ ಬರೆಯುವ ಭಾಷೆ ಹೆಚ್ಚಾಗಿ ಗ್ರೀಕ್.

ಬರೆದವನ ಹೆಸರು ಹಿಲಾರಿಯೋನ್. ದುಡಿಮೆಗೆ ಅಂತ ಅಲೆಕ್ಸಾಂಡ್ರಿಯಾಕ್ಕೆ ಹೋಗಿದ್ದಾನೆ. ಊರಲ್ಲಿರುವ ಹೆಂಡತಿ ಆಲಿಸ್‌ಗೆ ಬರೆಯುತ್ತಿದ್ದಾನೆ. ಕಾಗದದ ಸಾರ ಹೀಗಿದೆ: ನಾವು ಇನ್ನೂ ಇಲ್ಲೇ ಇದ್ದೇವೆ. ಉಳಿದವರೆಲ್ಲ ಊರಿಗೆ ಬಂದು ನಾನೊಬ್ಬ ಇಲ್ಲೇ ಉಳಿದರೂ ಗಾಬರಿಯಾಗಬೇಡ. ನಿನ್ನನ್ನು ಬೇಡಿಕೊಳ್ಳುತ್ತೇನೆ, ಮಗುವನ್ನು ಚೆನ್ನಾಗಿ ನೋಡಿಕೋ. ಕೂಲಿ ಕೈಗೆ ಬಂದ ತಕ್ಷಣ ಕಳಿಸುತ್ತೇನೆ. ನಿನಗೆ ಹೆರಿಗೆಯಾಗಿ ಗಂಡಾದರೆ ಇರಲಿ, ಹೆಣ್ಣಾದರೆ ಆಚೆ ಹಾಕಿಬಿಡು. 'ನನ್ನನ್ನು ಮರೆಯಬೇಡ' ಅಂತ ಅಫ್ರೊಡಿಸಿಯಾಸ್ ಹತ್ತಿರ ಹೇಳಿ ಕಳಿಸಿದ್ದೀಯಲ್ಲ, ನಿನ್ನನ್ನು ಹೇಗೆ ಮರೆಯಲಿ? ಚಿಂತೆ ಮಾಡಬೇಡ.

ಇಷ್ಟೇ. ತರಗತಿಯಲ್ಲಿ ಇದನ್ನು ಓದಿದಾಗಲೆಲ್ಲ 'ಆಚೆ ಹಾಕಿಬಿಡು' ಅನ್ನುವಲ್ಲಿ ಒಂದು ಸದ್ದು ಏಳುತ್ತಿತ್ತು. ಅದರ ಮುಂದಿನ ಸಾಲಿಗೆ ಎಲ್ಲರೂ ಗಪ್‌ಚುಪ್. ಮಗುವನ್ನು ನೋಡಿಕೋ ಅಂದವನೇ ಇನ್ನೊಂದು ಮಗುವನ್ನು ಆಚೆ ಹಾಕು ಅನ್ನುತ್ತಾನೆ. ಅದನ್ನು ಹೇಳಿದ ಬಾಯಲ್ಲೇ ನಿನ್ನನ್ನು ಹೇಗೆ ಮರೆಯಲಿ ಅನ್ನುತ್ತಾನೆ. ಅವನ ಪಾಲಿಗೆ ಇವು ಒಂದಕ್ಕೊಂದು ತಾಕುವ ಮಾತುಗಳೇ ಅಲ್ಲ. ಯೋಚಿಸಿ ನೋಡಿದರೆ ನನಗೆ ಇದೇ ಜಾಸ್ತಿ ಭಯ ಹುಟ್ಟಿಸುತ್ತದೆ. ಪ್ರೀತಿ ಗೊತ್ತಿಲ್ಲದ ರಾಕ್ಷಸ ಬರೆದಿದ್ದರೆ ಪಕ್ಕಕ್ಕಿಟ್ಟು ಸುಮ್ನೆ ಇರಬಹುದಿತ್ತು. ಬರೆದವನು ಪ್ರೀತಿಯುಳ್ಳ ಮನುಷ್ಯ.

ಈ ಕಾಗದ ಸಿಕ್ಕಿದ್ದು ಆಕ್ಸಿರಿಂಕಸ್ ಎಂಬ ಊರಿನ ತಿಪ್ಪೆಯಲ್ಲಿ. ಇವತ್ತಿನ ಹೆಸರು ಅಲ್ ಬಹ್ನಸಾ. ಕೈರೋದಿಂದ ದಕ್ಷಿಣಕ್ಕೆ ಸುಮಾರು 160 ಕಿ.ಮೀ. 1896ರ ಕೊನೆಯಲ್ಲಿ ಆಕ್ಸ್‌ಫರ್ಡಿನ ಇಬ್ಬರು ತರುಣರು, ಗ್ರೆನ್‌ಫೆಲ್ ಮತ್ತು ಹಂಟ್, ಅಲ್ಲಿ ಅಗೆಯಲು ಹೋದರು. ದೇವಸ್ಥಾನ, ಸಮಾಧಿ ಎಲ್ಲ ಬಿಟ್ಟು ಊರಾಚೆಯ ಕಸದ ದಿಬ್ಬಗಳಿಗೆ ಕೈ ಹಾಕಿದರು. ಅಲ್ಲಿ ಮಳೆಯಿಲ್ಲ, ದಿಬ್ಬಗಳಿಗೆ ನೈಲ್ ನದಿಯ ನೆರೆ ಮುಟ್ಟುವುದಿಲ್ಲ. ಹಾಗಾಗಿ ಜನ ಹರಿದು ಬಿಸಾಕಿದ ಪಪೈರಸ್ (ಜೊಂಡಿನಿಂದ ಮಾಡಿದ ಆಗಿನ ಕಾಗದ) ಹಾಳೆಗಳೆಲ್ಲ ಗರಿಗರಿಯಾಗಿ ಉಳಿದುಕೊಂಡಿದ್ದವು. 1907ರವರೆಗೆ ಅಗೆದದ್ದರಲ್ಲಿ ಸುಮಾರು 5 ಲಕ್ಷ ತುಣುಕು ಸಿಕ್ಕವು ಅನ್ನುವ ಅಂದಾಜಿದೆ. 80ಕ್ಕೂ ಹೆಚ್ಚು ಸಂಪುಟ ಅಚ್ಚಾಗಿದ್ದರೂ ಓದದೆ ಬಿದ್ದಿರುವುದೇ ಜಾಸ್ತಿ.

ಕನ್ನಡಿಗರಿಗೆ ಈ ತಿಪ್ಪೆ ಹೊಸದಲ್ಲ. ಚಾರಿಷನ್ ಪ್ರಹಸನ ಅಂತ ಕೇಳಿರುತ್ತೀರಿ. ಗ್ರೀಕ್ ಹುಡುಗಿಯೊಬ್ಬಳು ಭಾರತದ ಕರಾವಳಿಯಲ್ಲಿ ಸೆರೆಸಿಕ್ಕು ತಪ್ಪಿಸಿಕೊಳ್ಳುವ ನಾಟಕ. ಅದರಲ್ಲಿ ರಾಜನ ಕಡೆಯವರು ಆಡುವ ಅರ್ಥವಾಗದ ಮಾತು ಕನ್ನಡ ಅಂತ 1904ರಲ್ಲಿ ಹುಲ್ಷ್ ಎಂಬ ವಿದ್ವಾಂಸ ವಾದಿಸಿದ. ಆಮೇಲೆ ಶಾಮಶಾಸ್ತ್ರಿಗಳು, ಗೋವಿಂದ ಪೈಗಳು ಅದನ್ನು ಮುಂದುವರಿಸಿದರು. ಒಪ್ಪದವರೂ ಬೇಕಾದಷ್ಟು ಜನ ಇದ್ದಾರೆ. ಅದೂ ಇದೇ ಊರಿನ ಕಸದಲ್ಲೇ ಸಿಕ್ಕಿದ್ದು. ನಾವು ಆ ಒಂದು ಹಾಳೆಗಾಗಿ ಇಷ್ಟು ವರ್ಷ ಜಗಳ ಆಡಿದ್ದೇವೆ, ಪಕ್ಕದ ಹಾಳೆಗಳನ್ನು ತಿರುಗಿಸಿ ನೋಡಿದವರು ಕಡಿಮೆ.

ಈಗ ಹಿಲಾರಿಯೋನ್ ಹೇಳಿದ 'ಆಚೆ ಹಾಕು' ವಿಷಯ. ಮೂಲ ಈಜಿಪ್ಟಿನವರಲ್ಲಿ ಈ ಪದ್ಧತಿ ಇರಲಿಲ್ಲ. ಅದೇ ಕಾಲದಲ್ಲಿ ಈಜಿಪ್ಟು ಸುತ್ತಿದ ಗ್ರೀಕ್ ಭೂಗೋಳಜ್ಞ ಸ್ಟ್ರೇಬೋ, ಇಲ್ಲಿಯ ಜನ ಹುಟ್ಟಿದ ಎಲ್ಲ ಮಕ್ಕಳನ್ನೂ ಸಾಕುತ್ತಾರೆ ಅಂತ ಆಶ್ಚರ್ಯಪಟ್ಟು ಬರೆದಿದ್ದಾನೆ. ಅವನಿಗೆ ಅದು ಆಶ್ಚರ್ಯವಾದದ್ದೇ ನೋಡಿ, ಅವನ ಕಡೆ ಬೇರೆ ಥರ ನಡೆಯುತ್ತಿತ್ತು ಅಂತ ಅರ್ಥ. ಮಗುವನ್ನು ಆಚೆ ಇಡುವುದು ಗ್ರೀಕರ, ರೋಮನ್ನರ ವಾಡಿಕೆ. ಅವರ ಜೊತೆ ಈಜಿಪ್ಟಿಗೂ ಬಂತು.

ಆಚೆ ಇಟ್ಟ ಮಗು ಸಾಯಲೇಬೇಕು ಅಂತಿರಲಿಲ್ಲ. ಸಾಯುತ್ತಿದ್ದವು, ನಿಜ. ಆದರೆ ತಿಪ್ಪೆ ಅಂದರೆ ದಿನಾ ಜನ ಓಡಾಡುವ ಜಾಗ. ಕೂಸು ಅತ್ತರೆ ಯಾರಿಗಾದರೂ ಕೇಳುತ್ತದೆ. ಕೆಲವರು ಮಕ್ಕಳಿಲ್ಲ ಅಂತ ಎತ್ತಿಕೊಂಡು ಹೋಗುತ್ತಿದ್ದರು. ಜಾಸ್ತಿ ಜನ ಎತ್ತಿಕೊಂಡು ಹೋಗುತ್ತಿದ್ದದ್ದು ಗುಲಾಮರನ್ನಾಗಿ ಬೆಳೆಸಲು. ಬಿಟ್ಟಿ ಸಿಕ್ಕಿದ ಆಳು. ರೋಮನ್ ಸರ್ಕಾರ ಇದಕ್ಕೂ ಒಂದು ಕಾನೂನು ಮಾಡಿತ್ತು. ಈಜಿಪ್ಟಿನವನೊಬ್ಬ ತಿಪ್ಪೆಯಿಂದ ಮಗು ಎತ್ತಿ ದತ್ತು ಮಾಡಿಕೊಂಡರೆ ಅವನು ಸತ್ತ ಮೇಲೆ ಆಸ್ತಿಯ ಕಾಲು ಭಾಗ ಸರ್ಕಾರಕ್ಕೆ. ಗುಲಾಮನಾಗಿ ಸಾಕಿದರೆ ತಕರಾರಿಲ್ಲ, ಮಗನಾಗಿ ಸಾಕಿದರೆ ದಂಡ! ಸರ್ಕಾರದ ಲೆಕ್ಕಾಚಾರಗಳೇ ಹೀಗೆ.

ಆ ಕಾಲದ ತೆರಿಗೆ ಪಟ್ಟಿಗಳಲ್ಲಿ ಕೊಪ್ರೆಉಸ್, ಕೊಪ್ರಿಯಾ ಅಂತ ಹೆಸರುಗಳು ಬರುತ್ತವೆ. ಗ್ರೀಕಿನಲ್ಲಿ ಕೊಪ್ರೋಸ್ ಅಂದರೆ ಸಗಣಿ, ಗೊಬ್ಬರ. ತಿಪ್ಪೆಯಲ್ಲಿ ಸಿಕ್ಕವರು ಅಂತ ಇದಕ್ಕೆ ಅರ್ಥ ಹೇಳುತ್ತಾರೆ. ಆದರೆ ಇವರಲ್ಲಿ ಕೆಲವರು ಒಳ್ಳೆ ಅನುಕೂಲಸ್ಥ ಮನೆಯವರು, ಅಪ್ಪ ಅಮ್ಮನ ಹೆಸರೂ ಇದೆ. ಇದು ಹೇಗೆ ಅಂತ ಯುರೋಪಿನ ವಿದ್ವಾಂಸರು ತಲೆ ಕೆರೆದುಕೊಂಡದ್ದುಂಟು. ಬಯಲುಸೀಮೆಯ ಯಾವ ಅಜ್ಜಿಯನ್ನು ಕೇಳಿದ್ದರೂ ಹೇಳುತ್ತಿದ್ದರು. ನಮ್ಮಲ್ಲಿ ಮಕ್ಕಳು ಹುಟ್ಟಿ ಹುಟ್ಟಿ ಸಾಯುತ್ತಿದ್ದರೆ, ಮುಂದಿನ ಕೂಸನ್ನು ತಿಪ್ಪೆ ಮೇಲೆ ಒಂದು ಗಳಿಗೆ ಮಲಗಿಸಿ ಎತ್ತಿಕೊಳ್ಳುತ್ತಿದ್ದರು. ತಿಪ್ಪ, ತಿಪ್ಪಮ್ಮ ಅಂತ ಹೆಸರಿಡುತ್ತಿದ್ದರು. ಇದು ಯಾರಿಗೂ ಬೇಡದ ಕೂಸು, ಕಸದಲ್ಲಿ ಸಿಕ್ಕಿದ್ದು, ನಿನಗ್ಯಾಕೆ ಅಂತ ಸಾವಿಗೆ ಕಣ್ಣು ಕಟ್ಟುವ ಉಪಾಯ. (ಚಿತ್ರದುರ್ಗದ ಕಡೆಯ ಎಲ್ಲ ತಿಪ್ಪೇಸ್ವಾಮಿಗಳೂ ಹೀಗೆ ಅಂತಲ್ಲ. ಅಲ್ಲಿ ನಾಯಕನಹಟ್ಟಿಯ ಸ್ವಾಮಿಯ ಹೆಸರು ಇಟ್ಟವರೇ ಬಹಳ.) ಗ್ರೀಕ್ ಹೆಸರುಗಳಿಗೂ ಇಂಥದ್ದೇ ಕಾರಣ ಇರಬಹುದು ಅಂತ ಈಗ ಕೆಲವು ವಿದ್ವಾಂಸರೂ ಹೇಳುತ್ತಾರೆ. ಅಂದರೆ ಒಂದೇ ಹೆಸರು. ಒಬ್ಬನಿಗೆ ಬೇಡವಾಗಿ ಬಂದದ್ದು, ಇನ್ನೊಬ್ಬನಿಗೆ ತೀರಾ ಬೇಕಾಗಿ ಬಂದದ್ದು.

ಮಕ್ಕಳು ಎಷ್ಟು ಸಾಯುತ್ತಿದ್ದರು ಅನ್ನುವುದನ್ನೂ ಮನಸ್ಸಿನಲ್ಲಿಟ್ಟುಕೊಳ್ಳಿ. ಅಂದಾಜಿನ ಪ್ರಕಾರ ಮೂರು ಹುಟ್ಟಿದರೆ ಒಂದು ವರ್ಷ ತುಂಬುವುದರೊಳಗೆ ಹೋಗುತ್ತಿತ್ತು. ಹುಟ್ಟಿದಾಗಿನ ಸರಾಸರಿ ಆಯುಸ್ಸು ಇಪ್ಪತ್ತೈದು ವರ್ಷಕ್ಕಿಂತ ಕಡಿಮೆ.

ಈಗ ನಿಮಗೆ ಒಂದು ಸಂಸಾರದ ಪರಿಚಯ ಮಾಡಿಸುತ್ತೇನೆ. ಅದೇ ಊರು, ಅದೇ ತಿಪ್ಪೆ. ಹಿಲಾರಿಯೋನ್‌ಗಿಂತ ಒಂದು ತಲೆಮಾರು ಈಚೆಗೆ.

ಟ್ರಿಫೋನ್ ಒಬ್ಬ ನೇಕಾರ. ಅಪ್ಪನೂ ನೇಕಾರ. ಮೊದಲ ಹೆಂಡತಿ ದೆಮೆತ್ರೂಸ್. ಅವಳು ಮನೆಬಿಟ್ಟು ಹೋದಳು. ಹೋಗುವಾಗ 40 ದ್ರಾಕ್ಮಾ (ಆಗಿನ ನಾಣ್ಯ) ಬೆಲೆಯ ಸಾಮಾನು ಹೊತ್ತುಕೊಂಡು ಹೋದಳು ಅಂತ ಇವನು ಅಧಿಕಾರಿಗೆ ದೂರು ಕೊಟ್ಟ. ನಾನು ನನ್ನ ಶಕ್ತಿ ಮೀರಿ ಅವಳಿಗೆ ಎಲ್ಲ ಒದಗಿಸಿದ್ದೆ, ಅವಳ ಮನಸ್ಸೇ ಬೇರೆ ಆಯಿತು ಅಂತ ಬರೆಸಿದ್ದಾನೆ. ಬಿಟ್ಟುಹೋಗಲು ಅವಳಿಗೆ ಯಾವ ಕೋರ್ಟಿನ ಅಪ್ಪಣೆಯೂ ಬೇಕಿರಲಿಲ್ಲ. ಜೊತೆಗಿರುವುದು ನಿಂತರೆ ಮದುವೆ ಮುಗಿಯಿತು. ವರದಕ್ಷಿಣೆ ವಾಪಸ್ ಕೊಡಬೇಕು, ಅಷ್ಟೇ.

ಕ್ರಿ.ಶ. 37ರಲ್ಲಿ ಟ್ರಿಫೋನ್ ಸರಾಯಿಯುಸ್ ಎಂಬಾಕೆಯ ಜೊತೆ ಸಂಸಾರ ಹೂಡಿದ. ಅವಳು ತಂದದ್ದಕ್ಕೆ ಪತ್ರ ಇದೆ. 40 ದ್ರಾಕ್ಮಾ ನಗದು, 20 ದ್ರಾಕ್ಮಾದ ಒಂದು ಜೊತೆ ಚಿನ್ನದ ಓಲೆ, 12 ದ್ರಾಕ್ಮಾದ ಹಾಲುಬಿಳುಪಿನ ಅಂಗಿ. ಒಟ್ಟು 72. ಬಿಟ್ಟುಹೋದರೆ ಎಲ್ಲ ವಾಪಸ್. ಸರಾಯಿಯುಸ್ ಬಸುರಿಯಾದಳು. ಆಗ ಹಳೆಯ ಹೆಂಡತಿ ದೆಮೆತ್ರೂಸ್ ತನ್ನ ತಾಯಿಯನ್ನೂ ಕಟ್ಟಿಕೊಂಡು ಬಂದು ಅವಳ ಮೇಲೆ ಬಿದ್ದು ಹೊಡೆದಳು. ಗರ್ಭ ಇಳಿದುಹೋಯಿತು. ಟ್ರಿಫೋನ್ ಮತ್ತೆ ದೂರು ಬರೆಸಿದ. ಬೀದಿಜಗಳ, ಸವತಿ ಮತ್ಸರ, ಸ್ಟೇಷನ್ ಮೆಟ್ಟಿಲು. ಇದನ್ನು ಓದುವಾಗ ನನಗೆ ಎರಡು ಸಾವಿರ ವರ್ಷ ಎಲ್ಲಿ ಹೋಯಿತು ಅಂತಲೇ ಗೊತ್ತಾಗುವುದಿಲ್ಲ.

ಕೆಲವು ವರ್ಷಗಳ ನಂತರ ಇವರಿಗೊಂದು ಗಂಡು ಮಗು ಆಯಿತು. ಆಪಿಯೋನ್ ಅಂತ ಹೆಸರು. ಬಡವರ ಮನೆ, ಎದೆಯಲ್ಲಿ ಹಾಲಿದೆ. ಸರಾಯಿಯುಸ್ ಇನ್ನೊಂದು ಕೂಸಿಗೂ ಹಾಲೂಡುವ ಕೆಲಸ ಹಿಡಿದಳು. ಪೆಸೂರಿಸ್ ಎಂಬವನು ತಿಪ್ಪೆಯಿಂದ ಎತ್ತಿತಂದ ಹೆರಾಕ್ಲಾಸ್ ಎಂಬ ಗಂಡು ಕೂಸು ಅದು. ಮುಂದೆ ಗುಲಾಮ ಆಗಬೇಕಾದ ಕೂಸು.

ಹಾಲೂಡುವ ದಾದಿಗೆ ಆಗ ಕರಾರು ಪತ್ರ ಇರುತ್ತಿತ್ತು. ಅಲೆಕ್ಸಾಂಡ್ರಿಯಾದಲ್ಲಿ ಬರೆಸಿದ ಇಂಥವು ಎಷ್ಟೋ ಸಿಕ್ಕಿವೆ. ಷರತ್ತುಗಳು ಹೀಗೆ: ಗಂಡಸಿನ ಜೊತೆ ಮಲಗಬಾರದು, ಬಸುರಾಗಬಾರದು, ಬೇರೆ ಮಗುವಿಗೆ ಹಾಲು ಕೊಡಬಾರದು, ಆಗಾಗ ಕೂಸನ್ನು ತಂದು ತೋರಿಸಬೇಕು. ಕೂಡಿದರೆ ಹಾಲು ಕೆಡುತ್ತದೆ ಅನ್ನುವುದು ಆಗಿನ ವೈದ್ಯರ ನಂಬಿಕೆ. ಎಫೆಸಸ್ಸಿನ ಸೊರಾನಸ್ ಎಂಬ ವೈದ್ಯ ದಾದಿಯನ್ನು ಆರಿಸುವುದು ಹೇಗೆ ಅಂತ ಉದ್ದಕ್ಕೆ ಬರೆದಿದ್ದಾನೆ. ವಯಸ್ಸು 20ರಿಂದ 40ರೊಳಗೆ, ಎರಡು ಮೂರು ಹೆತ್ತಿರಬೇಕು, ಸಿಡುಕಿ ಆಗಿರಬಾರದು. ಉಗುರಿನ ಮೇಲೆ ಒಂದು ತೊಟ್ಟು ಹಾಲು ಬಿಟ್ಟು ನೋಡಬೇಕು. ನೀರಿನ ಹಾಗೆ ಹರಿದು ಹೋಗಬಾರದು, ಜೇನಿನ ಹಾಗೆ ಅಂಟಿಕೊಂಡೂ ಕೂರಬಾರದು. ಇದೇ ವೈದ್ಯ ಗರ್ಭ ಇಳಿಸುವುದಕ್ಕಿಂತ ಗರ್ಭ ನಿಲ್ಲದ ಹಾಗೆ ನೋಡಿಕೊಳ್ಳುವುದು ಮೇಲು ಅಂದವನು. ಅದಕ್ಕೆ ಹಳೆಯ ಎಣ್ಣೆ, ಜೇನು, ಮರದ ಅಂಟು ಹಚ್ಚಿದ ಉಣ್ಣೆಯ ಉಂಡೆ ಹೇಳಿದ್ದಾನೆ. ಜೊತೆಗೆ ಎದ್ದು ಕುಕ್ಕರಗಾಲಲ್ಲಿ ಕೂತು ಸೀನು ಅಂತಲೂ ಹೇಳಿದ್ದಾನೆ. ಎಣ್ಣೆ, ಅಂಟಿನಿಂದ ಸ್ವಲ್ಪ ಪ್ರಯೋಜನ ಆಗಿರಬಹುದು. ಸೀನಿನಿಂದ ಏನೂ ಆಗುವುದಿಲ್ಲ. ಇವೆಲ್ಲ ಕೈಕೊಟ್ಟ ಮನೆಗಳಿಂದಲೇ ಕೂಸುಗಳು ತಿಪ್ಪೆಗೆ ಹೋಗುತ್ತಿದ್ದದ್ದು ಅನ್ನುವುದನ್ನು ಮರೆಯಬೇಡಿ.

ಸರಾಯಿಯುಸ್ ಕಥೆಗೆ ಬರುತ್ತೇನೆ. ಎರಡು ಕೂಸುಗಳಲ್ಲಿ ಒಂದು ಸತ್ತಿತು. ಯಾವುದು ಅನ್ನುವುದೇ ಜಗಳ.

ಸತ್ತದ್ದು ನಿನ್ನ ಮಗು, ಬದುಕಿರುವುದು ನನ್ನದು ಅಂತ ಪೆಸೂರಿಸ್ ಬಂದು ಮಗುವನ್ನು ಎತ್ತಿಕೊಂಡು ಹೋದ. ಇವಳು ಅವನ ಮನೆಗೆ ನುಗ್ಗಿ ವಾಪಸ್ ಎತ್ತಿಕೊಂಡು ಬಂದಳು. ಕ್ರಿ.ಶ. 49ರ ಮಾರ್ಚ್ 29ರಂದು ವಿಚಾರಣೆ. ಅದರ ದಾಖಲೆ ಇಡಿಯಾಗಿ ನಮ್ಮ ಕೈಯಲ್ಲಿದೆ. ಅವನ ಕಡೆ ವಕೀಲ ಇದ್ದಾನೆ. ದಾದಿಯ ಕರಾರು ಇದೆ, ಸಂಬಳ ತೆಗೆದುಕೊಂಡ ರಸೀದಿ ಇದೆ, ಅವಳು ಕೂಸನ್ನು ಹೊಟ್ಟೆಗಿಲ್ಲದೆ ಒಣಗಿಸುತ್ತಿದ್ದಳು, ಅದಕ್ಕೇ ಇವನು ಕರೆದುಕೊಂಡು ಬಂದ ಅಂತ ವಾದ. ಸರಾಯಿಯುಸ್ ಮಾತು ನಾಲ್ಕೇ ಸಾಲು. ನನ್ನ ಮಗುವಿಗೆ ಹಾಲು ಬಿಡಿಸಿದ್ದೆ. ಇವರ ಕೂಸನ್ನು ಕೊಟ್ಟರು. ಇವರಿಂದ ಪೂರ್ತಿ 8 ಸ್ಟೇಟರ್ ತೆಗೆದುಕೊಂಡೆ. ಆ ಕೂಸು ಸತ್ತುಹೋಯಿತು, ದುಡ್ಡು ನನ್ನ ಹತ್ತಿರ ಉಳಿಯಿತು, ಈಗ ನನ್ನ ಹೆತ್ತ ಮಗುವನ್ನೇ ಕಿತ್ತುಕೊಳ್ಳಲು ಬಂದಿದ್ದಾರೆ.

8 ಸ್ಟೇಟರ್ ಅಂದರೆ 32 ದ್ರಾಕ್ಮಾ. ಅವಳ ಓಲೆ, ಅಂಗಿ ಎರಡೂ ಸೇರಿದರೆ ಎಷ್ಟೋ ಅಷ್ಟು.

ಅಧಿಕಾರಿ ಮಗುವಿನ ಮುಖ ನೋಡಿದ. ಸರಾಯಿಯುಸ್ ಮುಖ ನೋಡಿದ. ಮುಖಚಹರೆ ಇವಳದೇ ಇದೆ, ಸತ್ತದ್ದು ಪೆಸೂರಿಸ್ ಕೊಟ್ಟ ಕೂಸು ಅಂತ ಗಂಡ ಹೆಂಡತಿ ಬರೆದುಕೊಟ್ಟು ತೆಗೆದುಕೊಂಡ ದುಡ್ಡು ವಾಪಸ್ ಮಾಡಿದರೆ ಮಗು ಇವಳಿಗೇ ಅಂತ ತೀರ್ಪು ಕೊಟ್ಟ. ಎದುರಾಳಿ ಅಷ್ಟಕ್ಕೆ ಬಿಡಲಿಲ್ಲ. ನನಗೆ ನೇಯ್ಗೆ ಕೆಲಸ ಮಾಡಲೂ ಬಿಡದೆ ಕಾಟ ಕೊಡುತ್ತಿದ್ದಾನೆ ಅಂತ ಟ್ರಿಫೋನ್ ರೋಮನ್ ರಾಜ್ಯಪಾಲನಿಗೇ ಅರ್ಜಿ ಹಾಕಬೇಕಾಯಿತು.

ಓಲೆ, ಅಂಗಿ, ಮಗ್ಗ ಇಷ್ಟೇ ಆಸ್ತಿ ಇರುವ ಮನೆ ರಾಜ್ಯಪಾಲನವರೆಗೂ ಹೋಗಿದೆ. ಒಂದು ಕೂಸಿಗಾಗಿ. ಮಕ್ಕಳ ಮೇಲೆ ಅವರಿಗೆ ಏನೂ ಅನ್ನಿಸುತ್ತಿರಲಿಲ್ಲವೇ ಅಂತ ಕೇಳಿದ್ದಿರಿ. ಸರಾಯಿಯುಸ್ ಆ ಮನೆಗೆ ನುಗ್ಗಿದ್ದನ್ನು ನೆನೆಸಿಕೊಳ್ಳಿ. ಹಾಗೇ ಹೆರಾಕ್ಲಾಸನನ್ನೂ ನೆನೆಸಿಕೊಳ್ಳಿ. ಆ ವಿಚಾರಣೆಯಲ್ಲಿ ಅವನು ಸತ್ತದ್ದಕ್ಕೆ ಯಾರೂ ಅತ್ತ ಹಾಗೆ ಕಾಣುವುದಿಲ್ಲ. ಅವನು ಲೆಕ್ಕದ ಬಾಬತ್ತು.

ಇನ್ನು ಅಣ್ಣ ತಂಗಿ ಮದುವೆ. ಇಲ್ಲಿ ಎರಡು ವಿಷಯ ಕಲಸಿಹೋಗಿದೆ, ಬಿಡಿಸಿ ಹೇಳುತ್ತೇನೆ.

ಒಂದು, ಮಾತಿನ ರೂಢಿ. ಈಜಿಪ್ಟಿನಲ್ಲಿ ಬಹಳ ಹಿಂದಿನಿಂದಲೂ ಪ್ರೇಮಗೀತೆಗಳಲ್ಲಿ ನಲ್ಲ ನಲ್ಲೆಯರು ಒಬ್ಬರನ್ನೊಬ್ಬರು ಅಣ್ಣ, ತಂಗಿ ಅಂತಲೇ ಕರೆಯುತ್ತಾರೆ. ಹಿಲಾರಿಯೋನ್ ಕೂಡ ಆಲಿಸ್‌ಳನ್ನು ತಂಗಿ ಅಂತಲೇ ಬರೆದಿದ್ದಾನೆ. ನಮ್ಮಲ್ಲಿ ಹುಡುಗಿ 'ಅಣ್ಣಾ' ಅಂದಳೆಂದರೆ ಹುಡುಗನ ಕಥೆ ಅಲ್ಲಿಗೆ ಮುಗಿಯಿತು. ಅವರಲ್ಲಿ ಅಲ್ಲಿಂದ ಶುರು. ಹಾಗಾಗಿ ಕಾಗದದಲ್ಲಿ ತಂಗಿ ಅಂದ ಮಾತ್ರಕ್ಕೆ ಒಡಹುಟ್ಟಿದವಳು ಅಂತ ತೀರ್ಮಾನ ಮಾಡುವ ಹಾಗಿಲ್ಲ.

ಎರಡು, ನಿಜವಾದ ಮದುವೆ. ಫೇರೋ ಮನೆತನಗಳಲ್ಲಿ ಇತ್ತು, ಕ್ಲಿಯೋಪಾತ್ರಳ ಮನೆತನದಲ್ಲೂ ಇತ್ತು. ಅದು ಅರಮನೆ ವಿಷಯ. ಸಾಮಾನ್ಯರಲ್ಲಿ ಇದು ಎದ್ದು ಕಾಣುವುದು ರೋಮನ್ ಕಾಲದ ಮೂರು ಶತಮಾನಗಳಲ್ಲಿ. ಆಗ 14 ವರ್ಷಕ್ಕೊಮ್ಮೆ ಜನಗಣತಿ. ಮನೆಯ ಯಜಮಾನ ಯಾರು ಯಾರಿದ್ದಾರೆ, ವಯಸ್ಸೆಷ್ಟು, ಯಾರಿಗೆ ಯಾರು ಏನಾಗಬೇಕು ಅಂತ ಬರೆದುಕೊಡಬೇಕು. ಸುಮಾರು 300 ಪತ್ರ ಉಳಿದಿವೆ. ಅವುಗಳಲ್ಲಿ 'ನನ್ನ ಹೆಂಡತಿ, ಒಂದೇ ತಂದೆ ಒಂದೇ ತಾಯಿಗೆ ಹುಟ್ಟಿದ ನನ್ನ ತಂಗಿ' ಅಂತ ಯಾವ ಮುಜುಗರವೂ ಇಲ್ಲದೆ ಬರೆದವರಿದ್ದಾರೆ. ಗೊತ್ತಾಗಿರುವ ಮದುವೆಗಳಲ್ಲಿ ಶೇ. 15ರಿಂದ 20ರಷ್ಟು ಇಂಥವು. ಅದರಲ್ಲೂ ಫಯೂಮ್ ಎಂಬ ಪ್ರದೇಶದ ಕಡೆ ಜಾಸ್ತಿ.

ಯಾಕೆ? ವಿದ್ವಾಂಸರಲ್ಲಿ ಒಮ್ಮತ ಇಲ್ಲ. ಹೆಣ್ಣುಮಕ್ಕಳಿಗೂ ಅಲ್ಲಿ ಪಾಲು ಇತ್ತು, ಮೇಲೆ ವರದಕ್ಷಿಣೆ ಬೇರೆ. ಮನೆಯೊಳಗೇ ಮದುವೆಯಾದರೆ ಎರಡೂ ಆಚೆ ಹೋಗುವುದಿಲ್ಲ ಅನ್ನುವುದು ಒಂದು ವಾದ. ಅಕ್ಕನ ಮಗಳನ್ನು ತಂದುಕೊಂಡ ಸೋದರಮಾವಂದಿರ ಮನೆಗಳಲ್ಲಿ ಈ ಮಾತು ನಾವೂ ಕೇಳಿದ್ದೇವೆ, ಅಲ್ವಾ? ಉತ್ತರ ಭಾರತದವರಿಗೆ ಅದನ್ನು ವಿವರಿಸಿ ಹೇಳಲು ಹೋಗಿ ಮುಖ ಕೆಂಪಗಾದವರು ಯಾರು ಏನನ್ನು ಸಹಜ ಅನ್ನುತ್ತಾರೆ ಅನ್ನುವುದರ ಬಗ್ಗೆ ಸ್ವಲ್ಪ ನಿಧಾನವಾಗಿ ಮಾತಾಡುತ್ತಾರೆ. ಇನ್ನೊಂದು ವಾದ 2007ರಲ್ಲಿ ಬಂತು. ಇವರಲ್ಲಿ ಬಹಳಷ್ಟು ಗಂಡಂದಿರು ಮನೆಯಳಿಯಂದಿರು, ಗಂಡುಮಕ್ಕಳಿಲ್ಲದ ಮಾವ ಅಳಿಯನನ್ನೇ ದತ್ತು ಮಾಡಿಕೊಂಡಿರುತ್ತಿದ್ದ, ಹಾಗಾಗಿ ಕಾಗದದ ಮೇಲೆ ಅಣ್ಣ ತಂಗಿ ಅಂತ. ನಮಗೆ ಕೇಳಲು ಹಿತವಾಗಿದೆ, ಆದರೆ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಗಂಡು ಮಕ್ಕಳು ಇನ್ನೂ ಇರುವ ಮನೆಗಳಲ್ಲೂ ಈ ಮದುವೆ ನಡೆದಿದೆ. ಕ್ರಿ.ಶ. 212ರಲ್ಲಿ ಚಕ್ರವರ್ತಿ ಕಾರಕಾಲ ಗುಲಾಮರಲ್ಲದ ಬಹುತೇಕ ಎಲ್ಲರಿಗೂ ರೋಮನ್ ಪೌರತ್ವ ಕೊಟ್ಟ. ರೋಮನ್ ಕಾನೂನಿನಲ್ಲಿ ಈ ಮದುವೆ ನಿಷಿದ್ಧ. ಆಮೇಲೆ ಇದು ಮರೆಯಾಯಿತು.

ಆಕ್ಸಿರಿಂಕಸ್ಸಿನ ಒಂದು ಪುಟ್ಟ ಆಮಂತ್ರಣ ಪತ್ರಿಕೆ ಇದೆ. ನಾಳೆ 5ನೇ ತಾರೀಕು, 9ನೇ ಗಂಟೆಗೆ, ನನ್ನ ಮನೆಯಲ್ಲಿ ನನ್ನ ಮಕ್ಕಳ ಮದುವೆಯ ಊಟಕ್ಕೆ ಬನ್ನಿ ಅಂತ ಹೆರಾಯಿಸ್ ಎಂಬ ತಾಯಿ ಕರೆಯುತ್ತಾಳೆ. (ಅವರ 9ನೇ ಗಂಟೆ ಅಂದರೆ ಮಧ್ಯಾಹ್ನ ಮೂರರ ಹೊತ್ತು.) 'ಮಕ್ಕಳ ಮದುವೆ' ಅನ್ನುವುದು ಗ್ರೀಕಿನಲ್ಲೂ ನಮ್ಮ ಲಗ್ನಪತ್ರಿಕೆಯ ಹಾಗೇ ಎರಡು ಕಡೆ ವಾಲುತ್ತದೆ. ಒಂದೇ ಚಪ್ಪರದಲ್ಲಿ ಎರಡು ಮದುವೆಯೂ ಆಗಬಹುದು, ಇನ್ನೊಂದೂ ಆಗಬಹುದು.

ಗಂಡ ಹೆಂಡಿರ ನಡುವಿನ ಆಸೆ, ಸಲುಗೆಯ ಬಗ್ಗೆ ನೀವು ನೇರವಾಗಿ ಕೇಳಿಲ್ಲ, ಆದರೂ ಒಂದು ಕಾಗದ ಹೇಳಲೇಬೇಕು. 2ನೇ ಶತಮಾನದ್ದು. ಸೆರೇನಸ್ ಮುನಿಸಿಕೊಂಡು ಹೋದ ಇಸಿದೋರಾಗೆ ಬರೆದದ್ದು. ದಿನಾ ಸಂಜೆ ತೊಏರಿಸ್ ದೇವಿಯ ಮುಂದೆ ನಿನಗಾಗಿ ಕೈಮುಗಿಯುತ್ತೇನೆ. ನೀನು ಹೋದಾಗಿನಿಂದ ಹಗಲೂ ರಾತ್ರಿ ಅಳುತ್ತಿದ್ದೇನೆ. ಹೋದ ತಿಂಗಳು 12ರಂದು ನಿನ್ನ ಜೊತೆ ಮಿಂದವನು ಈ ತಿಂಗಳು 12ರವರೆಗೂ ಸ್ನಾನ ಮಾಡಿಲ್ಲ, ಮೈಗೆ ಎಣ್ಣೆ ಹಚ್ಚಿಲ್ಲ. ಕಲ್ಲನ್ನೂ ಅಲುಗಿಸುವಂಥ ಕಾಗದ ಬರೆದಿದ್ದೀಯ.

ವಿರಹಕ್ಕೆ ಚಂದ್ರ, ತಾವರೆ ಏನೂ ಇಲ್ಲ. ಒಂದು ತಿಂಗಳು ಸ್ನಾನ ಮಾಡಿಲ್ಲ ಅನ್ನುತ್ತಾನೆ. ಇದಕ್ಕಿಂತ ಖಾಸಗಿ ಮಾತು ಇನ್ಯಾವುದು? ಹಾಗಂತ ಎಲ್ಲರೂ ಹೀಗೆ ಅಳುತ್ತಾ ಕೂತವರಲ್ಲ. ಆಂಟಿನೂಪೊಲಿಸ್ ಎಂಬ ಊರಿನ ಕಡೆಯ ಒಂದು ಮಣ್ಣಿನ ಹೆಣ್ಣುಬೊಂಬೆ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಮ್ಮಿನಲ್ಲಿದೆ. ಮೈತುಂಬ 13 ಸೂಜಿ ಚುಚ್ಚಿದೆ. ಜೊತೆಗೆ ಸೀಸದ ತಗಡಿನ ಮೇಲೆ, ಪ್ಟೊಲೆಮಾಯಿಸ್ ಎಂಬ ಹೆಣ್ಣು ತನ್ನನ್ನು ಬಿಟ್ಟು ಬೇರೆ ಯಾರನ್ನೂ ಸೇರದಿರಲಿ, ನಿದ್ದೆ ಊಟ ಬಿಟ್ಟು ತನ್ನ ಹತ್ತಿರ ಬರಲಿ ಅಂತ ಸರಪಮ್ಮೋನ್ ಎಂಬವನು ಮಾಡಿಸಿದ ವಶೀಕರಣ. ಹೆಣ್ಣೊಬ್ಬಳು ಇನ್ನೊಬ್ಬ ಹೆಣ್ಣಿನ ಮನಸ್ಸು ತನ್ನ ಕಡೆ ತಿರುಗಲಿ ಅಂತ ಮಾಡಿಸಿದ್ದೂ ಇದೆ. 2ನೇ ಶತಮಾನದ್ದು, ಸರಪಿಯಾಸ್‌ಳ ಮೇಲೆ ಇನ್ನೊಬ್ಬ ಹೆರಾಯಿಸ್ ಮಾಡಿಸಿದ್ದು. ಇಂಥ ಮಂತ್ರಗಳಲ್ಲಿ ಎಲ್ಲರನ್ನೂ ಗುರುತಿಸುವುದು ತಾಯಿಯ ಹೆಸರಿನಿಂದ, ಇಂಥವಳ ಮಗ, ಇಂಥವಳ ಮಗಳು ಅಂತ. ಅಪ್ಪನ ಹೆಸರು ತೆರಿಗೆ ಕಚೇರಿಗೆ ಸಾಕು, ಮಾಟಕ್ಕೆ ಖಾತ್ರಿ ಬೇಕು.

ಮದುವೆಯ ವಯಸ್ಸಿನ ಬಗ್ಗೆ ಒಂದೇ ಮಾತು. ರೋಮನ್ ಕಾನೂನಿನಲ್ಲಿ ಹೆಣ್ಣಿಗೆ 12 ತುಂಬಿದರೆ ಸಾಕಿತ್ತು. ಈಜಿಪ್ಟಿನ ಗಣತಿಯಲ್ಲಿ ಬಹುತೇಕ ಹುಡುಗಿಯರಿಗೆ ಮದುವೆಯಾದದ್ದು ಹದಿಹರೆಯದ ಕೊನೆಯ ಹೊತ್ತಿಗೆ. ಗಂಡ ಸಾಮಾನ್ಯವಾಗಿ ಏಳೆಂಟು ವರ್ಷ ದೊಡ್ಡವನು. ಕಾನೂನು ಬಿಟ್ಟುಕೊಟ್ಟದ್ದನ್ನೆಲ್ಲ ಜನ ಮಾಡುತ್ತಿದ್ದರು ಅಂತ ತಿಳಿಯಬಾರದು. ಹಾಗಂತ ಯಾರೂ ಮಾಡಲೇ ಇಲ್ಲ ಅಂತಲೂ ಅಲ್ಲ.

ಆ ಊರಿನ ಮಕ್ಕಳು ಆಡುತ್ತಿದ್ದದ್ದೂ ಕಸದಲ್ಲಿ ಸಿಕ್ಕಿದೆ. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಆಕ್ಸಿರಿಂಕಸ್ಸಿನ ಒಂದು ಬಟ್ಟೆಯ ಬೊಂಬೆ ಇದೆ, ಗೇಣುದ್ದ ಇರಬಹುದು. ಒರಟು ನಾರುಬಟ್ಟೆ, ಒಳಗೆ ಚಿಂದಿ ಮತ್ತು ಪಪೈರಸ್ ಚೂರು ತುರುಕಿದ್ದಾರೆ. ಅಂದರೆ ಯಾರದೋ ರಸೀದಿ, ಯಾರದೋ ಕಾಗದ ಒಂದು ಮಗುವಿನ ಬೊಂಬೆಯ ಹೊಟ್ಟೆಯಲ್ಲಿದೆ. ನಿಮ್ಮ ಮಗಳಿಗೆ ತೋರಿಸಿ, ಚಿತ್ರ ಸಿಗುತ್ತದೆ.

ಹುಡುಗನೊಬ್ಬ ಬರೆದ ಕಾಗದವನ್ನೂ ಓದಿ ಹೇಳಿ. 2ನೇ ಅಥವಾ 3ನೇ ಶತಮಾನದ್ದು. ಹುಡುಗನ ಹೆಸರು ಥಿಯೋನ್. ಅಪ್ಪನ ಹೆಸರೂ ಥಿಯೋನ್. ಅಪ್ಪ ಮಗನಿಗೆ ಗೊತ್ತಾಗದ ಹಾಗೆ ಊರಿಗೆ ಹೋಗಿದ್ದಾನೆ. ಮಗ ರಚ್ಚೆ ಹಿಡಿದು ಬರೆದಿದ್ದಾನೆ, ಕಾಗುಣಿತ ತಪ್ಪು ತುಂಬಿಸಿಕೊಂಡು. ಒಳ್ಳೇ ಕೆಲಸ ಮಾಡಿದೆ, ನನ್ನನ್ನು ಜೊತೆಗೆ ಕರೆದುಕೊಂಡು ಹೋಗಲಿಲ್ಲ. ಅಲೆಕ್ಸಾಂಡ್ರಿಯಾಕ್ಕೆ ಕರೆದುಕೊಂಡು ಹೋಗದಿದ್ದರೆ ನಿನಗೆ ಕಾಗದ ಬರೆಯಲ್ಲ, ಮಾತಾಡಿಸಲ್ಲ, ನಮಸ್ಕಾರ ಮಾಡಲ್ಲ. ಇವನು ನನ್ನ ತಲೆ ತಿನ್ನುತ್ತಾನೆ, ಇವನನ್ನು ಕರೆದುಕೊಂಡು ಹೋಗು ಅಂತ ಅಮ್ಮ ಆರ್ಖೆಲಾಸ್‌ಗೆ ಹೇಳಿದಳು. ದೊಡ್ಡದಾಗಿ ಉಡುಗೊರೆ ಕಳಿಸಿದ್ದೀಯಲ್ಲ, ಬರೀ ಕಾಳು! ನೀನು ದೋಣಿ ಹತ್ತಿದ 12ನೇ ತಾರೀಕು ನಮಗೆ ಟೋಪಿ ಹಾಕಿದರು. ನನ್ನನ್ನು ಕರೆಸಿಕೋ. ಕರೆಸಿಕೊಳ್ಳದಿದ್ದರೆ ಊಟ ಮಾಡಲ್ಲ, ನೀರು ಕುಡಿಯಲ್ಲ. ಅಷ್ಟೇ!

ಇಷ್ಟು ಬೈದು ಹೊರಗಡೆ ವಿಳಾಸ ಬರೆಯುವಾಗ ಮತ್ತೆ 'ಥಿಯೋನ್‌ಗೆ, ಮಗ' ಅಂತಲೇ ಬರೆದಿದ್ದಾನೆ. ಇಂಥ ಕಾಗದ ಬರೆಯಬೇಕಾದರೆ ಅಪ್ಪ ಹೊಡೆಯುವುದಿಲ್ಲ ಅನ್ನುವ ಧೈರ್ಯ ಇರಬೇಕು. ಓದಿ ನಗುವ ಅಪ್ಪನೂ ಇರಬೇಕು.

ಅಕ್ಷರ ಕಲಿತ ಥಿಯೋನ್‌ನಂಥವರು ಕಡಿಮೆ ಜನ. ಟ್ರಿಫೋನ್ ಮನೆಯ ಹುಡುಗರು ಮಗ್ಗಕ್ಕೆ ಹೋದವರು. ಕ್ರಿ.ಶ. 52ರಲ್ಲಿ ಟ್ರಿಫೋನ್‌ಗೆ ಕಣ್ಣಿನ ಪೊರೆಯ ಕಾರಣಕ್ಕೆ ಸರ್ಕಾರಿ ಸೇವೆಯಿಂದ ಬಿಡುಗಡೆ ಸಿಕ್ಕಿತ್ತು. ಎರಡು ವರ್ಷದ ಮೇಲೆ 20 ದ್ರಾಕ್ಮಾ ಕೊಟ್ಟು ಒಂದು ಮಗ್ಗ ಕೊಂಡ. ಪೊರೆ ಬಂದ ಕಣ್ಣಲ್ಲೇ ನೇಯ್ದ. 66ರಲ್ಲಿ ಸಣ್ಣ ಮಗ ಥೋನಿಸ್‌ನನ್ನು ಪ್ಟೊಲೆಮಾಯೊಸ್ ಎಂಬ ಇನ್ನೊಬ್ಬ ನೇಕಾರನ ಹತ್ತಿರ ಒಂದು ವರ್ಷ ಕೆಲಸ ಕಲಿಯಲು ಬಿಟ್ಟ. ಕರಾರು ಉಳಿದಿದೆ. ಹುಡುಗ ಗುರು ಹೇಳಿದ್ದು ಮಾಡಬೇಕು. ಊಟದ ಬಾಬ್ತು ಗುರು ತಿಂಗಳಿಗೆ 5 ದ್ರಾಕ್ಮಾ ಕೊಡಬೇಕು. ವರ್ಷದ ಕೊನೆಗೆ ಬಟ್ಟೆಗೆ 12. ತನಗೆ ಗೊತ್ತಿರುವ ಕೆಲಸವನ್ನೆಲ್ಲ ಕಲಿಸಬೇಕು, ಕಲಿಸದಿದ್ದರೆ 100 ದ್ರಾಕ್ಮಾ ದಂಡ. ಕೆಳಗೆ ಓದುಬರಹ ಬಾರದವರ ಪರವಾಗಿ ಬೇರೊಬ್ಬ ಸಹಿ ಹಾಕಿದ್ದಾನೆ. ನಡುವೆ ಒಂದು ಷರತ್ತಿದೆ. ಹುಡುಗ ಕೆಲಸಕ್ಕೆ ಚಕ್ಕರ್ ಹೊಡೆದ ದಿನಗಳನ್ನು ಎಣಿಸಿಟ್ಟು, ವರ್ಷ ಮುಗಿದ ಮೇಲೆ ಅಷ್ಟೇ ದಿನ ಅವನನ್ನು ಅಪ್ಪ ಕರೆತಂದು ಬಿಡಬೇಕು. ಇಲ್ಲವಾದರೆ ದಿನಕ್ಕೆ ಒಂದು ದ್ರಾಕ್ಮಾ.